ನಾಗಚಂದ್ರನ ರಾವಣ: ಪಶ್ಚಾತ್ತಾಪದ ಮಿತಿ

‘ರಾಮಚಂದ್ರಚರಿತ ಪುರಾಣ’ದ ರಾವಣನನ್ನು ಕುರಿತ ಚರ್ಚೆ ಕನ್ನಡದಲ್ಲಿ ಬಹುಮಟ್ಟಿಗೆ ‘ದುರಂತ ನಾಯಕ’ ಎಂಬ ಪರಿಕಲ್ಪನೆಯ ಸುತ್ತಲೇ ಬೆಳೆದಿದೆ. ಬಿ.ಎಂ.ಶ್ರೀಯವರು ಗ್ರೀಕ್ ನಾಟಕಗಳ ವ್ಯಾಸಂಗದ ಬೆಳಕಿನಲ್ಲಿ ಈ ಪಾತ್ರವನ್ನು ವಿವೇಚಿಸಿದ ಮೇಲೆ, ಕ್ರಿ.ಶ. ಸುಮಾರು 1100ರ ಈ ಕವಿಯನ್ನು ನಾವು ಆ ಕಣ್ಣಿನಿಂದಲೇ ಓದುತ್ತ ಬಂದಿದ್ದೇವೆ. ಆ ಓದಿನ ಉಪಕಾರ ದೊಡ್ಡದು. ಆದರೆ ಅದರಿಂದ ಒಂದು ತೊಡಕೂ ಹುಟ್ಟಿದೆ. ರಾವಣನಿಗೆ ನಾಯಕಪದವಿ ದೊರೆತೊಡನೆ ಅವನ ತಪ್ಪು ತಪ್ಪಾಗಿ ಉಳಿಯದೆ, ಭವ್ಯವಾದೊಂದು ಪತನಕ್ಕೆ ನೆಪ ಮಾತ್ರವಾಗಿಬಿಡುತ್ತದೆ. ಕವಿಯ ದೃಷ್ಟಿ ಇದಾಗಿತ್ತೆಂದು ನಮಗೆ ತೋರುವುದಿಲ್ಲ.

ರಾವಣನ ಮನಃಪರಿವರ್ತನೆಯನ್ನು ನಾಗಚಂದ್ರನ ಸ್ವಂತ ಸೃಷ್ಟಿಯೆಂದು ಹೊಗಳುವುದುಂಟು. ಅದರ ಬೀಜ ವಿಮಲಸೂರಿಯ ಪ್ರಾಕೃತ ‘ಪಉಮಚರಿಯ’ದಲ್ಲಿಯೇ ಇದೆ. ನಾಗಚಂದ್ರನ ಹೆಚ್ಚಳವಿರುವುದು ಸಂಗತಿಯಲ್ಲಲ್ಲ, ಅದಕ್ಕೆ ಕೊಟ್ಟ ಒತ್ತಿನಲ್ಲಿ.

ಒಲ್ಲದ ಪರಸ್ತ್ರೀಯನ್ನು ಬಲಾತ್ಕರಿಸೆನೆಂಬ ವ್ರತವನ್ನು ಹಿಡಿದವನು ಈ ರಾವಣ. ತಾನಾಗಿ ಒಲಿದು ಬಂದ ಉಪರಂಭೆಯನ್ನು ಗಂಡನ ಬಳಿಗೇ ಕಳುಹಿದವನು. ಅಂಥವನು ಸೀತೆಯನ್ನು ಕಂಡು ಜಾರುತ್ತಾನೆ. ಕಡಲೂ ಒಮ್ಮೊಮ್ಮೆ ಮೇರೆ ಮೀರುವುದುಂಟಲ್ಲವೆ ಎಂದು ಕವಿ ಇಲ್ಲಿ ಉದ್ಗರಿಸುತ್ತಾನೆ. ಈ ಮಾತನ್ನು ಕ್ಷಮಾಪಣೆಯಾಗಿ ಓದುವವರು ಅನೇಕರು. ನಾವು ಅದನ್ನು ತಿಳಿವಳಿಕೆಯ ಮಾತಾಗಿ ಮಾತ್ರ ಓದಬಯಸುತ್ತೇವೆ. ಮೇರೆ ಮೀರಿದ ಕಡಲು ದಡದ ಊರನ್ನು ಮುಳುಗಿಸದೆ ಬಿಡುವುದಿಲ್ಲ.

ಕಾವ್ಯದ ನಿಜವಾದ ಕಠಿನ ಸ್ಥಳ ಮುಂದೆ ಬರುತ್ತದೆ. ಬಹುರೂಪಿಣೀ ವಿದ್ಯೆಯನ್ನು ಸಾಧಿಸಿದ ರಾವಣ ಗೆಲವಿನ ಹಮ್ಮಿನಿಂದ ಸೀತೆಯೆದುರು ನಿಲ್ಲುತ್ತಾನೆ. ರಾಮನ ಪ್ರಾಣಕ್ಕೆ ಕೇಡು ಬಗೆಯಬೇಡವೆಂದು ಬೇಡುತ್ತಲೇ ಆಕೆ ಮೂರ್ಛೆಹೋಗುತ್ತಾಳೆ. ಬಿದ್ದ ಹೆಣ್ಣನ್ನು ಕಂಡ ಆ ಗಳಿಗೆಯಲ್ಲಿ ಅವನಿಗೆ ತಾನು ಮಾಡಿದ್ದು ಏನೆಂಬುದು ತಿಳಿಯುತ್ತದೆ. ಅಗಲಿಸಬಾರದವರನ್ನು ಅಗಲಿಸಿದೆ, ಹಿತ ನುಡಿದ ವಿಭೀಷಣನನ್ನು ದೂರ ಮಾಡಿಕೊಂಡೆ ಎಂದು ಮರುಗುತ್ತಾನೆ. ಸೀತೆಯ ಮೇಲಣ ಮೋಹ ಹರಿದುಹೋಗುತ್ತದೆ. ಇಷ್ಟಾದರೂ ಆಕೆಯನ್ನು ಆ ಕ್ಷಣವೇ ಒಪ್ಪಿಸಲಾರ! ಈಗ ಒಪ್ಪಿಸಿದರೆ ಅಂಜಿದನೆಂದು ಲೋಕ ನಗುತ್ತದೆ. ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಸೆರೆಹಿಡಿದು ತಂದು ಆಮೇಲೆ ಸೀತೆಯನ್ನು ಒಪ್ಪಿಸುವೆನೆಂದು ನಿಶ್ಚಯಿಸುತ್ತಾನೆ.

ಈ ನಿಶ್ಚಯದಲ್ಲಿ ನಮಗೆ ಭವ್ಯತೆಗಿಂತ ಹೆಚ್ಚಾಗಿ ತೀರ ಪರಿಚಿತವಾದೊಂದು ದೌರ್ಬಲ್ಯ ಕಾಣುತ್ತದೆ. ತಪ್ಪನ್ನು ಒಳಗೇ ಒಪ್ಪಿಕೊಂಡವನು ಅದನ್ನು ನಾಲ್ವರೆದುರು ತಿದ್ದಿಕೊಳ್ಳಲು ನಾಚುತ್ತಾನೆ. ತಿದ್ದುವ ಗಳಿಗೆಯನ್ನು ತನ್ನ ಮಾನಕ್ಕೆ ಅನುಕೂಲವಾಗುವಂತೆ ಮುಂದಕ್ಕೆ ಹಾಕುತ್ತಾನೆ. ಹಾಗೆ ಮುಂದೆ ಹಾಕಿದ ದಿನಗಳನ್ನು ಸೆರೆಯಲ್ಲಿ ಕಳೆಯಬೇಕಾದವಳು ಸೀತೆ, ರಣದಲ್ಲಿ ಸಾಯಬೇಕಾದವರು ಇತರರು. ‘ಉದಾತ್ತ ರಾವಣ’ನನ್ನು ಕೊಂಡಾಡುವ ನಮ್ಮ ವಿಮರ್ಶೆ ಈ ಲೆಕ್ಕವನ್ನು ಸಾಮಾನ್ಯವಾಗಿ ಕೈಬಿಡುತ್ತದೆ. ಕವಿ ಬಿಟ್ಟಿಲ್ಲ. ಅವನ ರಾವಣ ಮರುಕಕ್ಕೆ ಪಾತ್ರನಾದ ಮೇಲೂ ಯುದ್ಧಕ್ಕೆ ಹೋಗುತ್ತಾನೆ. ತಾನೇ ಎಸೆದ ಚಕ್ರ ಲಕ್ಷ್ಮಣನ ಕೈಸೇರಿ, ಅದರಿಂದಲೇ ಮಡಿಯುತ್ತಾನೆ.

ಜೈನ ಪರಂಪರೆ ರಾವಣನ ಕಥೆಯನ್ನು ಅವನ ಮರಣದೊಡನೆ ಮುಗಿಸುವುದಿಲ್ಲವೆಂಬುದೂ ಇಲ್ಲಿ ಪ್ರಸ್ತುತ. ವಿಮಲಸೂರಿಯಲ್ಲಿ, ಸ್ವರ್ಗದಲ್ಲಿ ಹುಟ್ಟಿದ ಸೀತೆಯ ಜೀವ ನರಕಕ್ಕಿಳಿದು ಅಲ್ಲಿ ನೋಯುತ್ತಿರುವ ರಾವಣನಿಗೆ ಧರ್ಮಬೋಧೆ ಮಾಡುತ್ತದೆ. ಬರಲಿರುವ ಭವವೊಂದರಲ್ಲಿ ಅವನು ತೀರ್ಥಂಕರನಾಗುವನು, ಆಕೆಯ ಜೀವ ಅವನ ಗಣಧರನಾಗುವುದು. ನರಕವನ್ನು ತಪ್ಪಿಸದೆಯೂ ತೀರ್ಥಂಕರಪದವಿಯನ್ನು ನಿರಾಕರಿಸದ ಈ ಕಥಾಕ್ರಮಕ್ಕೆ ‘ದುರಂತ’ವೆಂಬ ಪದ ಎಷ್ಟರಮಟ್ಟಿಗೆ ಒಪ್ಪುತ್ತದೆಂಬುದನ್ನು, ಪ್ರಾಕೃತ ಸಂಸ್ಕೃತ ಪಠ್ಯಗಳನ್ನು ಕನ್ನಡದ ಪಕ್ಕದಲ್ಲಿಟ್ಟು ಓದುವ ಹೊರನಾಡಿನ ಸಂಶೋಧಕರು ಇನ್ನೊಮ್ಮೆ ಪರಿಶೀಲಿಸಬೇಕಾಗಿದೆ.