ಶಹರಿಯಾರ್: ಎರಡು ನುಡಿ, ಒಂದೇ ಸಾಧನೆ

ಇರಾನಿನ ತಬ್ರೀಜ್ ನಗರದ ಕವಿ ಶಹರಿಯಾರ್ (1906–1988) ಅವರ ಬದುಕನ್ನು ಹೇಳುವವರು ಸಾಮಾನ್ಯವಾಗಿ ಒಂದೇ ಜಾಡು ಹಿಡಿಯುತ್ತಾರೆ. ತೆಹರಾನಿನಲ್ಲಿ ವೈದ್ಯಕೀಯ ಓದುತ್ತಿದ್ದ ತರುಣ ಪ್ರೇಮದಲ್ಲಿ ಸೋತು, ಓದನ್ನು ಮುಗಿಸದೆ ಬಿಟ್ಟು ಹಾಫಿಜನ ಪರಂಪರೆಯ ಪರ್ಷಿಯನ್ ಗಜಲ್ ಕವಿಯಾದ. ನಡುವಯಸ್ಸಿನಲ್ಲಿ ತಾಯ್ನುಡಿ ಅಜರ್ಬೈಜಾನಿಗೆ ಮರಳಿ, ಬಾಲ್ಯದ ಹಳ್ಳಿಯ ಬೆಟ್ಟವನ್ನು ಕರೆದು ಮಾತಾಡುವ ‘ಹೈದರ್ ಬಾಬಾಗೆ ಸಲಾಂ’ ಬರೆದ ಎಂಬುದು ಆ ಕಥೆ. ಅದರ ಪ್ರಕಾರ ಪರ್ಷಿಯನ್ ಅವರು ಕಲಿತ ವಿದ್ಯೆ, ಅಜರ್ಬೈಜಾನಿ ಕರುಳಿನ ಕೂಗು. ಈ ವಿಂಗಡಣೆ ಕವಿಯ ದೊಡ್ಡ ಸಾಧನೆಯನ್ನೇ ಮರೆಮಾಚುತ್ತದೆ. ತಾಯ್ನುಡಿಯ ಕಾವ್ಯದಲ್ಲೂ ಅವರದು ಎಚ್ಚರದ, ನುರಿತ ಕುಶಲತೆ.

‘ಹೈದರ್ ಬಾಬಾ’ ಕೃತಿಯೇ ಇದಕ್ಕೆ ಸಾಕ್ಷಿ. ಗಜಲುಗಳಿಗೆ ಬಳಸಿದ ಅರೂಜ್ ಛಂದಸ್ಸನ್ನು ಅವರು ಇಲ್ಲಿ ಪೂರ್ತಿ ಕೈಬಿಟ್ಟು, ಹಳ್ಳಿಯ ಆಶಿಕ್ ಗಾಯಕರಿಗೆ ಒಗ್ಗಿದ ಹನ್ನೊಂದು ಅಕ್ಷರದ ಸಾಲನ್ನು ಆರಿಸಿಕೊಂಡರು. ಐದು ಸಾಲಿನ ಪದ್ಯದಲ್ಲಿ ಮೊದಲ ಮೂರಕ್ಕೆ ಒಂದು ಪ್ರಾಸ, ಕೊನೆಯ ಎರಡಕ್ಕೆ ಇನ್ನೊಂದು. ಮೂರು ಸಾಲು ಚಿತ್ರ ಕಟ್ಟಿದರೆ ಕೊನೆಯ ಎರಡು ಅದರ ಭಾವವನ್ನು ತಿರುಗಿಸುತ್ತವೆ. ನೌರೂಜ್ ಹಬ್ಬದ ರಾತ್ರಿ ಉಡುಗೊರೆಗಾಗಿ ಹುಡುಗನೊಬ್ಬ ನೆರೆಮನೆಯ ಮಾಡಿನ ಕಿಂಡಿಯಿಂದ ಶಾಲು ಇಳಿಬಿಡುತ್ತಾನೆ. ಫಾತ್ಮಾ ಚಿಕ್ಕಮ್ಮ ಅದಕ್ಕೆ ಕಾಲುಚೀಲ ಕಟ್ಟಿ, ಅವನ ಅಜ್ಜಿಯನ್ನು ನೆನೆದು ಅಳುತ್ತಾಳೆ. ಹಬ್ಬದ ಸಡಗರ ಒಂದೇ ಪದ್ಯದೊಳಗೆ ಸಾವಿನ ನೆನಪಾಗುತ್ತದೆ. ಇಷ್ಟು ಅಡಕವಾಗಿ ಹೇಳುವ ಹದ ಗಜಲಿನ ದ್ವಿಪದಿಯಲ್ಲಿ ವರ್ಷಗಟ್ಟಲೆ ಪಳಗಿದ ಕೈಯದು. ನುಡಿ ಬದಲಾಯಿತು, ಸಾಧನೆ ಮುಂದುವರಿಯಿತು.

ಇದು ಬರೀ ಬಾಲ್ಯದ ಹಂಬಲ, ಹಳ್ಳಿಯ ಕಷ್ಟವನ್ನು ಮರೆತ ಕಾವ್ಯ ಎಂಬ ಆಕ್ಷೇಪವಿದೆ. ಹಂಬಲವಿರುವುದು ನಿಜ. ಆದರೆ ಧೀರ ಮಕ್ಕಳನ್ನು ಹಡೆಯೆಂದು ಕವಿ ಬೆಟ್ಟವನ್ನು ಬೇಡುವಾಗ ಅವರ ಕಣ್ಣು ಸುತ್ತಲಿನ ವರ್ತಮಾನದ ಮೇಲಿದೆ. ಶಹರಿಯಾರ್ ಇರಾನಿನ ಅಖಂಡತೆಯ ಪರವಾಗಿದ್ದವರು, ಅವರು ತೀರಿಕೊಂಡ ದಿನವನ್ನೇ ಇರಾನ್ ಪರ್ಷಿಯನ್ ಕಾವ್ಯದ ದಿನವೆಂದು ಆಚರಿಸುತ್ತದೆ, ಹೀಗಿರುವಾಗ ಅವರನ್ನು ಅಜರ್ಬೈಜಾನಿ ನುಡಿಯ ಹರಿಕಾರರೆನ್ನುವುದು ಸರಿಯೇ ಎಂದು ಕೆಲವರು ಕೇಳಬಹುದು. ಅವರು ಘೋಷಣೆ ಕೂಗಲಿಲ್ಲ, ಒಪ್ಪೋಣ. ಆದರೆ ಅಜರ್ಬೈಜಾನಿಗೆ ಮನ್ನಣೆ ಕೊಟ್ಟಿದ್ದ ತಬ್ರೀಜಿನ ಸ್ವಾಯತ್ತ ಸರ್ಕಾರ 1946ರಲ್ಲಿ ಬಿದ್ದ ಮೇಲೆ ಆ ನುಡಿಗೆ ಶಾಲೆಯಲ್ಲಾಗಲಿ ಅಚ್ಚಿನಲ್ಲಾಗಲಿ ನೆಲೆಯೇ ಇಲ್ಲವೆಂಬ ಸ್ಥಿತಿಯಿತ್ತು. ಅಂಥ ಹೊತ್ತಿನಲ್ಲಿ, 1954ರಲ್ಲಿ, ಪರ್ಷಿಯನ್ ಪಂಡಿತರು ಮೆಚ್ಚಿದ ಕವಿಯೊಬ್ಬರು ಅದೇ ನುಡಿಯಲ್ಲಿ ಮೇರುಕೃತಿ ಪ್ರಕಟಿಸಿದರು. ಆ ನುಡಿ ಒರಟು ಹಳ್ಳಿಮಾತು ಎಂಬ ಹೀಗಳಿಕೆಗೆ ಕೃತಿಯ ಗುಣವೇ ಉತ್ತರವಾಯಿತು. ಆದ್ದರಿಂದ ಈ ಕವಿಯನ್ನು ಎರಡು ಪಾಳಯಗಳು ಹಂಚಿಕೊಳ್ಳುವುದು ತರವಲ್ಲ. ಗಜಲುಗಳನ್ನು ಓದದೆ ‘ಹೈದರ್ ಬಾಬಾ’ದ ಬಿಗಿ ಕಾಣದು, ‘ಹೈದರ್ ಬಾಬಾ’ವನ್ನು ಬಿಟ್ಟರೆ ಗಜಲಿನ ಆ ಕಲಿಕೆ ಎಲ್ಲಿಯವರೆಗೆ ಹೋಗಬಲ್ಲದೆಂದು ತಿಳಿಯದು.