ದಾಳ ಹಿಡಿದ ಸನ್ಯಾಸಿ

ಮೇಜಿನ ಸುತ್ತ ಐದಾರು ಮಂದಿ, ಮುಂದೆ ಕಾಗದ, ಪೆನ್ಸಿಲ್, ಇಪ್ಪತ್ತು ಮುಖದ ದಾಳ. ವೇಷವಿಲ್ಲ, ರಂಗಸ್ಥಳವಿಲ್ಲ, ಪಾತ್ರ ಕಟ್ಟುವುದೆಲ್ಲ ಮಾತಿನಲ್ಲೇ. ತಾಳಮದ್ದಳೆ ಕೇಳಿ ಬೆಳೆದವರಿಗೆ ರೋಲ್‌ಪ್ಲೇಯಿಂಗ್ ಗೇಮ್ ಅಷ್ಟೇನೂ ಪರಕೀಯವೆನಿಸದು. ಆದರೆ ಇಲ್ಲಿ ಪ್ರಸಂಗ ಎಲ್ಲಿಗೆ ಹೋಗಿ ಮುಟ್ಟುತ್ತದೆಂಬುದು ಭಾಗವತರ ಜಾಗದಲ್ಲಿ ಕೂತ ಗೇಮ್ ಮಾಸ್ಟರ್‌ಗೂ ಗೊತ್ತಿರುವುದಿಲ್ಲ.

ಹೊಸದಾಗಿ ನೋಡುವವರ ಕಣ್ಣು ಸಹಜವಾಗಿ ಕತ್ತಿವೀರರ ಮೇಲೆ ಬೀಳುತ್ತದೆ. ಆಟದ ಕಾಲ ಕ್ರೈಸ್ತರ ಧರ್ಮಯುದ್ಧಗಳಾದ ಕ್ರುಸೇಡ್‌ಗಳದ್ದಾದರೆ, ಅಂದರೆ 1095ರಲ್ಲಿ ಪೋಪ್ ಎರಡನೆಯ ಅರ್ಬನ್ ಕ್ಲೆರ್ಮಾಂಟ್‌ನಲ್ಲಿ ಕರೆ ಕೊಟ್ಟಲ್ಲಿಂದ 1291ರಲ್ಲಿ ಏಕರ್ ಪಟ್ಟಣ ಬೀಳುವವರೆಗಿನದ್ದಾದರೆ, ಗಮನವಿಟ್ಟು ನೋಡಬೇಕಾದವನು ಮೂಲೆಯಲ್ಲಿರುವ ವಿದ್ವಾಂಸ ಸನ್ಯಾಸಿ. ಅವನಿಗೆ ಏನೇನು ಗೊತ್ತು ಎಂದು ಪಟ್ಟಿ ಮಾಡುತ್ತ ಕೂತರೆ ಆಟದ ರುಚಿ ತಪ್ಪಿಹೋಗುತ್ತದೆ. ಅವನ ವಿದ್ಯೆ ಎಲ್ಲೆಲ್ಲಿ ತಡವರಿಸುತ್ತದೆ, ಅಲ್ಲಿ ಕಿವಿಗೊಡಬೇಕು.

ಮೊದಲು ಒಂದು ಗೊಂದಲ ತೀರಿಸಿಕೊಳ್ಳೋಣ. 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟಕ್ಕೆ 1975ರಲ್ಲಿ ಬಂದು ಸೇರಿದ 'ಮಂಕ್' ಹೆಸರಿಗೆ ಸನ್ಯಾಸಿಯಾದರೂ ಬರಿಗೈ ಕಾಳಗದ ಪಟು. ಲ್ಯಾಟಿನ್ ಮಠಗಳಿಗೂ ಅವನಿಗೂ ನಂಟಿಲ್ಲ. ಈ ಪಾತ್ರಕ್ಕೆ ಹೆಚ್ಚು ಒಗ್ಗುವುದು ಜೊನಾಥನ್ ಟ್ವೀಟ್ ಮತ್ತು ಮಾರ್ಕ್ ರೈನ್‌ಹೇಗನ್ 1987ರಲ್ಲಿ ಹೊರತಂದ 'ಆರ್ಸ್ ಮ್ಯಾಜಿಕಾ'. ಈ ಆಟದ ಕಥೆ ಸಾಮಾನ್ಯವಾಗಿ 1220ರ ಯುರೋಪಿನಲ್ಲಿ ಶುರುವಾಗುತ್ತದೆ. ಒಂದು ಗ್ರಂಥ ಓದಿ ಅರಗಿಸಿಕೊಳ್ಳಲು ಆಟದ ಲೆಕ್ಕದಲ್ಲಿ ಒಂದು ಋತು, ಮೂರು ತಿಂಗಳು ಬೇಕು. ಗ್ರಂಥಕ್ಕೂ ಅಂಕಗಳಿವೆ: ವಿಷಯ ಎಷ್ಟು ಆಳ, ಬರವಣಿಗೆ ಎಷ್ಟು ಚೆನ್ನ. ಕೊಲ್ಲಲು ಕ್ಷಣ ಸಾಕು, ಕಲಿಯಲು ಕಾಲು ವರ್ಷ ಬೇಕು ಎಂಬ ಈ ಲೆಕ್ಕಾಚಾರಕ್ಕಾಗಿಯೇ ಆಟವನ್ನು ಮೆಚ್ಚಬಹುದು.

ಇನ್ನು ಪಾತ್ರ. ಆರನೆಯ ಶತಮಾನದ ಸಂತ ಬೆನೆಡಿಕ್ಟನ ನಿಯಮದಂತೆ ಸನ್ಯಾಸಿ ತನ್ನ ಮಠದಲ್ಲೇ ನೆಲೆಸುವ ಪ್ರತಿಜ್ಞೆ ಮಾಡುತ್ತಾನೆ. ಮಠದಿಂದ ಮಠಕ್ಕೆ ಅಲೆಯುವವರನ್ನು ಆ ನಿಯಮದ ಮೊದಲ ಅಧ್ಯಾಯವೇ ತರಾಟೆಗೆ ತೆಗೆದುಕೊಂಡಿದೆ. ಹಾಗಾದರೆ ಇವನು ಸಿರಿಯಾದ ದಾರಿಯಲ್ಲಿ ಏನು ಮಾಡುತ್ತಿದ್ದಾನೆ? ಯಾರ ಅಪ್ಪಣೆ? ಇದಕ್ಕೆ ಉತ್ತರ ಸಿದ್ಧವಿಲ್ಲದ ಆಟಗಾರ ಇನ್ನೂ ಪಾತ್ರದೊಳಗೆ ಇಳಿದಿಲ್ಲ ಎಂದೇ ಅರ್ಥ. ಚರಿತ್ರೆಯಲ್ಲಿ ಒಳ್ಳೆಯ ಮಾದರಿಯಿದೆ. ಕ್ಲೂನಿ ಮಠದ ಅಧಿಪತಿ ಪೀಟರ್ 1142ರಲ್ಲಿ ಸ್ಪೇನಿಗೆ ಹೋಗಿ, ಕೆಟನ್ನಿನ ರಾಬರ್ಟ್‌ನಿಂದ ಕುರಾನನ್ನು ಲ್ಯಾಟಿನ್ನಿಗೆ ಅನುವಾದ ಮಾಡಿಸಿದ. ಮರುವರ್ಷ ಕೆಲಸ ಮುಗಿಯಿತು. ಅವನ ಉದ್ದೇಶ ಇಸ್ಲಾಮನ್ನು ಖಂಡಿಸುವುದು, ಅದಕ್ಕಾಗಿ ಓದಲೇಬೇಕಾಯಿತು. ಎದುರಾಳಿಯ ಗ್ರಂಥವನ್ನು ಇಷ್ಟು ಶ್ರದ್ಧೆಯಿಂದ ಓದಿದವನ ಮನಸ್ಸು ಮೊದಲಿನಂತೆಯೇ ಉಳಿದೀತೇ ಎಂಬುದು ಹತ್ತು ವಾರದ ಆಟಕ್ಕಾಗುವಷ್ಟು ಸರಕು.

ಪವಾಡದ ವಿಷಯ ಬಂದಾಗ ಇನ್ನೂ ಎಚ್ಚರ ಬೇಕು. 1098ರ ಜೂನ್‌ನಲ್ಲಿ ಆಂಟಿಯೋಕ್ ನಗರದೊಳಗೆ ಕ್ರುಸೇಡರ್‌ಗಳು ಹಸಿವಿನಿಂದ ಕಂಗೆಟ್ಟಿದ್ದರು, ಹೊರಗೆ ಮುಸ್ಲಿಂ ಸೇನಾನಿ ಕೆರ್ಬೋಗನ ಸೈನ್ಯ. ಆಗ ಪೀಟರ್ ಬಾರ್ಥಲೊಮ್ಯೂ ಎಂಬವನು, ಏಸುವಿನ ಪಕ್ಕೆ ಇರಿದ ಈಟಿ ಸೇಂಟ್ ಪೀಟರ್ ಚರ್ಚಿನಡಿ ಹೂತಿದೆ ಎಂದ. ಅಗೆದರು, ಕಬ್ಬಿಣದ ತುಂಡು ಸಿಕ್ಕಿತು. ಅಲ್ಲೇ ಇದ್ದ ಪುರೋಹಿತ ರೇಮಂಡ್ ಅದರ ತುದಿಗೆ ಮುತ್ತಿಟ್ಟುದಾಗಿ ಬರೆದಿದ್ದಾನೆ. ಇನ್ನೊಬ್ಬ ಪುರೋಹಿತ-ಇತಿಹಾಸಕಾರ, ಶಾರ್ತ್ರ್‌ನ ಫುಲ್ಚರ್, ಅನುಮಾನ ಮುಚ್ಚಿಡಲಿಲ್ಲ. ಮುಂದಿನ ಏಪ್ರಿಲ್‌ನಲ್ಲಿ ಬಾರ್ಥಲೊಮ್ಯೂ ಬೆಂಕಿ ಹಾಯ್ದು ಸತ್ಯಪರೀಕ್ಷೆಗೆ ಒಡ್ಡಿಕೊಂಡ, ಕೆಲವೇ ದಿನಗಳಲ್ಲಿ ಸತ್ತ. ಬೆಂಕಿಯಿಂದಲ್ಲ, ಮುತ್ತಿದ ಜನರ ತುಳಿತದಿಂದ ಎಂದು ರೇಮಂಡ್ ಕೊನೆಗೂ ಪಟ್ಟು ಬಿಡಲಿಲ್ಲ.

ಇದೇ ಸನ್ನಿವೇಶವನ್ನು ಫ್ಯಾಂಟಸಿ ಆಟಕ್ಕೆ ತಂದರೆ ಅಪಾಯವೊಂದಿದೆ. ಮಂತ್ರಶಕ್ತಿ ಪತ್ತೆಹಚ್ಚುವ ವಿದ್ಯೆ ಯಾರಿಗಾದರೂ ಇದ್ದರೆ ದಾಳ ಒಮ್ಮೆ ಉರುಳಿ ಈಟಿ ಅಸಲಿಯೋ ನಕಲಿಯೋ ತಿಳಿದುಬಿಡುತ್ತದೆ. ರೇಮಂಡನಿಗೂ ಫುಲ್ಚರನಿಗೂ ಕೆಲಸವೇ ಉಳಿಯದು. ಜಾಣ ಗೇಮ್ ಮಾಸ್ಟರ್ ಹಾಗೆ ಬಿಟ್ಟುಕೊಡುವುದಿಲ್ಲ. ಈಟಿ ಹೊಳೆಯುತ್ತದೆ ಎನ್ನುತ್ತಾನೆ, ಆ ಹೊಳಪು ದೇವರದೋ ಸೈತಾನನದೋ ಎಂಬ ನಿರ್ಣಯ ಸನ್ಯಾಸಿಯ ತಲೆಗೆ ಕಟ್ಟುತ್ತಾನೆ. ಆಗ ನೋಡಬೇಕು, ಮೇಜು ಹೇಗೆ ನಿಶ್ಶಬ್ದವಾಗುತ್ತದೆ ಎಂದು.

ಭಾಷೆಯೂ ಅಂಥದೇ ಕಂಟಕ. ಫ್ರಾನ್ಸಿನ ರಾಜ ಒಂಬತ್ತನೆಯ ಲೂಯಿಯ ಕಾಲದ ಫ್ರಾನ್ಸಿಸ್ಕನ್ ಸನ್ಯಾಸಿ ವಿಲಿಯಂ ರುಬ್ರುಕ್‌ನ ಪಂಥಕ್ಕೆ ಅಲೆದಾಟ ನಿಷಿದ್ಧವಲ್ಲ, ಆದರೆ ಬರಿಗಾಲಿನ ನೇಮ. 1253ರಲ್ಲಿ ಹೊರಟು ಮಂಗೋಲರ ಮೋಂಗ್ಕೆ ಖಾನನ ಬೀಡು ತಲುಪಿದಾಗ ಚಳಿಗೆ ಕಾಲ್ಬೆರಳ ತುದಿಗಳು ಮರಗಟ್ಟಿದವು. ಖಾನನ ಮೊದಲ ಭೇಟಿಯಲ್ಲೇ ದುಭಾಷಿ ಕುಡಿದು ತೊದಲಿದ. 1254ರಲ್ಲಿ ಕ್ರೈಸ್ತ, ಮುಸ್ಲಿಂ, ಬೌದ್ಧರ ನಡುವೆ ಖಾನ್ ವಾದ ಏರ್ಪಡಿಸಿದ. ತೀರ್ಪಿಗೆ ಮೂವರು ಕಾರಕೂನರು. ರುಬ್ರುಕ್ ಚೆನ್ನಾಗಿಯೇ ವಾದಿಸಿದ. ಯಾರೂ ಮತಾಂತರವಾಗಲಿಲ್ಲ, ಎಲ್ಲರೂ ಕೂತು ಚೆನ್ನಾಗಿ ಕುಡಿದರು. ರಾಜನಿಗೆ ಕಳಿಸಿದ ವರದಿಯಲ್ಲಿ ಇದನ್ನೆಲ್ಲ ಅವನೇ ಬರೆದಿದ್ದಾನೆ.

ವಾದದ ದೃಶ್ಯ ಬಂದಾಗ ಆಟಗಾರ ಮೊದಲು ವಾದ ಹೂಡಿ ಆಮೇಲೆ ದಾಳ ಎಸೆಯುತ್ತಾನೋ, ದಾಳ ಎಸೆದು 'ಗೆದ್ದೆ' ಎಂದು ಮುಗಿಸುತ್ತಾನೋ ಗಮನಿಸಬೇಕು. ಮೊದಲನೆಯವನಾಗಿದ್ದು, ದಾಳ ಕೈಕೊಟ್ಟಾಗಲೂ ರುಬ್ರುಕ್‌ನಂತೆ ಪಾತ್ರ ಬಿಡದೆ ಸೋತರೆ, ಆ ಮೇಜಿನಲ್ಲಿ ಮುಂದಿನ ವಾರಕ್ಕೂ ಒಂದು ಕುರ್ಚಿ ಹೇಳಿಟ್ಟುಕೊಳ್ಳುವುದು ಒಳ್ಳೆಯದು.