ಯುರೋಪ್ ಪ್ರವಾಸ ಕಥನಗಳಲ್ಲಿ ಖರ್ಚಿನ ಪುಟ

ಮಾರ್ಗಶಿರದ ಷಷ್ಠಿಗೆ ರಾಮನಾಥಪುರದಲ್ಲಿ ಸುಬ್ರಹ್ಮಣ್ಯಸ್ವಾಮಿಯ ತೇರು. ಅರಕಲಗೂಡು, ಹೊಳೆನರಸೀಪುರ, ಪಿರಿಯಾಪಟ್ಟಣದ ಕಡೆಯ ಜನ ಗಂಟು ಕಟ್ಟಿಕೊಂಡು ಬರುತ್ತಾರೆ. ಕಾವೇರಿ ದಂಡೆಯಲ್ಲಿ ಮೂರು ಕಲ್ಲು ಹೂಡಿ ಅನ್ನ ಬೇಯಿಸಿಕೊಳ್ಳುತ್ತಾರೆ, ಸಿಕ್ಕಿದ ಜಗುಲಿಯಲ್ಲಿ ಮಲಗುತ್ತಾರೆ, ಹೊಳೆಯ ಮೀನುಗಳಿಗೆ ಪುರಿ ಎರಚಿ, ಮಕ್ಕಳಿಗೊಂದು ಪೀಪಿ ಕೊಡಿಸಿ ಊರಿಗೆ ಮರಳುತ್ತಾರೆ. ಮರಳಿದವರನ್ನು ಮಾತನಾಡಿಸಿ ನೋಡಿ. ತೇರಿನ ವರ್ಣನೆಯ ಜೊತೆಗೇ ಲೆಕ್ಕವೂ ಬರುತ್ತದೆ. ಬಸ್ಸಿಗೆ ಇಷ್ಟಾಯಿತು, ಸೌದೆಗೆ ಇಷ್ಟಾಯಿತು, ಪೀಪಿಯವನು ಹತ್ತು ರೂಪಾಯಿ ಹೆಚ್ಚು ಕಿತ್ತುಕೊಂಡ. ಲೆಕ್ಕವಿಲ್ಲದ ಪ್ರಯಾಣದ ಕಥೆಯನ್ನು ಈ ಸೀಮೆಯಲ್ಲಿ ಯಾರೂ ಪೂರ್ತಿ ನಂಬುವುದಿಲ್ಲ.

ಕೆಲ ತಿಂಗಳ ಹಿಂದೆ ಈ ಊರಿನ ಪಕ್ಕದ ಹಳ್ಳಿಯ ತರುಣನೊಬ್ಬ ನಮ್ಮನ್ನು ಹುಡುಕಿಕೊಂಡು ಬಂದ. ಕಡಿಮೆ ದುಡ್ಡಿನಲ್ಲಿ ಯುರೋಪ್ ಸುತ್ತಿ ಬರಬೇಕೆಂದಿದ್ದೇನೆ, ಕನ್ನಡದಲ್ಲಿ ಯಾವ ಪುಸ್ತಕ ಓದಲಿ ಎಂಬುದು ಅವನ ಪ್ರಶ್ನೆ. ನಾವು ಉತ್ಸಾಹದಿಂದ ಕಪಾಟಿನ ಮುಂದೆ ನಿಂತೆವು. ಪುಸ್ತಕಗಳೇನೋ ಇದ್ದವು. ಆದರೆ ಒಂದೊಂದನ್ನೇ ತೆಗೆದು ಅವನ ಕೈಗಿಡುವಾಗ ನಮಗೆ ಸಂಕೋಚವಾಗತೊಡಗಿತು. ಅವನಿಗೆ ಬೇಕಾದದ್ದು, ಅಂದರೆ ಹಣ ಎಲ್ಲಿಂದ ಬಂತು, ಹೇಗೆ ಖರ್ಚಾಯಿತು, ಎಲ್ಲಿ ಸಾಲದೆ ಹೋಯಿತು ಎಂಬುದು, ಬಹುಪಾಲು ಪುಸ್ತಕಗಳಲ್ಲಿ ಇಲ್ಲ. ಈ ಲೇಖನ ಆ ಸಂಕೋಚದಿಂದ ಹುಟ್ಟಿದ್ದು.

ಮೂವತ್ತರ ದಶಕದಲ್ಲಿ ಆಕ್ಸ್‌ಫರ್ಡಿಗೆ ಓದಲು ಹೋದ ವಿ.ಕೃ. ಗೋಕಾಕರು 'ಸಮುದ್ರದಾಚೆಯಿಂದ' ಬರೆದರು. ಐವತ್ತರ ದಶಕದಲ್ಲಿ ಶಿವರಾಮ ಕಾರಂತರು 'ಅಪೂರ್ವ ಪಶ್ಚಿಮ' ಕೊಟ್ಟರು. ಕನ್ನಡದ ಓದುಗರಿಗೆ ಯುರೋಪಿನ ಬಾಗಿಲು ತೆರೆದವರಲ್ಲಿ ಇವರು ಪ್ರಮುಖರು. ಅವರನ್ನು ಖರ್ಚಿನ ಲೆಕ್ಕ ಕೇಳುವುದು ಒರಟುತನವೆಂದು ಕೆಲವರಿಗೆ ತೋರಬಹುದು. ನಮಗೆ ಹಾಗನ್ನಿಸುವುದಿಲ್ಲ. ಆ ಕಾಲದ ಭಾರತೀಯ ಪ್ರಯಾಣಿಕನ ಮಿತವ್ಯಯ ಅವನ ಸ್ವಭಾವ ಮಾತ್ರವಾಗಿರಲಿಲ್ಲ, ಸರಕಾರದ ಕಟ್ಟಳೆಯೂ ಆಗಿತ್ತು. ಸ್ವಾತಂತ್ರ್ಯಾನಂತರ ವಿದೇಶಿ ವಿನಿಮಯದ ಕೊರತೆ ತೀವ್ರವಾದಂತೆ ಜೇಬಿನಲ್ಲಿ ಒಯ್ಯಬಹುದಾದ ಹಣಕ್ಕೂ ಮಿತಿ ಬಂತು. ಎಪ್ಪತ್ತರ ದಶಕದ ಆರಂಭದಲ್ಲಿ ವಿಮಾನ ಹತ್ತಿದವರು ಇಂದಿಗೂ ನೆನೆಯುವ ಅಂಕಿ 8 ಡಾಲರ್. ಅದಕ್ಕೂ ಮೊದಲೇ, 1957ರಲ್ಲಿ, ಅಮೆರಿಕದ ಆರ್ಥರ್ ಫ್ರೋಮರ್ 'ಯುರೋಪ್ ಆನ್ 5 ಡಾಲರ್ಸ್ ಎ ಡೇ' ಎಂಬ ಕೈಪಿಡಿ ತಂದಿದ್ದ. ದಿನಕ್ಕೆ 5 ಡಾಲರಿನಲ್ಲಿ ಯುರೋಪ್ ನೋಡಬಹುದೆಂದು ಅವನು ತನ್ನ ದೇಶದವರಿಗೆ ಹುರುಪು ತುಂಬಿದ. ಅವರಿಗೆ ಅಗ್ಗದ ಪ್ರವಾಸವೆಂದರೆ ಒಂದು ಜಾಣ್ಮೆ, ಒಂದು ಆಯ್ಕೆ. ನಮ್ಮವರ ಕೈಯಲ್ಲಿದ್ದದ್ದು ಒಟ್ಟು ಪ್ರಯಾಣಕ್ಕೆ ಅವನ ಎರಡು ದಿನದ ಖರ್ಚೂ ಅಲ್ಲ. ಈ ವ್ಯತ್ಯಾಸ ನಮ್ಮ ಪ್ರವಾಸ ಸಾಹಿತ್ಯದ ನಡುಮನೆಗೆ ಬರಬೇಕಿತ್ತು. ಬಂದದ್ದು ಕಡಿಮೆ.

ಹಾಗಿದ್ದರೆ ನಮ್ಮವರು ಹೋದದ್ದು ಹೇಗೆ? ವಿದ್ಯಾರ್ಥಿವೇತನ, ಸಂಸ್ಥೆಯ ಆಹ್ವಾನ, ಇಲ್ಲವೇ ನೆಂಟರ ಮನೆ. ಇದರಲ್ಲಿ ಮೂರನೆಯದನ್ನು ಮುಚ್ಚುಮರೆಯಿಲ್ಲದೆ ಬರೆದವರು ಇದೇ ಜಿಲ್ಲೆಯ, ಹೇಮಾವತಿ ದಂಡೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರು. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಅವರ 'ಅಮೆರಿಕದಲ್ಲಿ ಗೊರೂರು' ಯುರೋಪಿನ ಪುಸ್ತಕವಲ್ಲ. ಆದರೂ ಇಲ್ಲಿ ಅದನ್ನು ಬಿಡುವಂತಿಲ್ಲ. ಮಕ್ಕಳಿದ್ದಲ್ಲಿಗೆ ಹೋದ ಮುದುಕನೊಬ್ಬ ಹಳ್ಳಿಯ ಕಣ್ಣಿನಿಂದ ಶ್ರೀಮಂತ ದೇಶವನ್ನು ನೋಡುವ ಪುಸ್ತಕ ಅದು. ಯಾರ ಸೂರಿನಡಿ ಮಲಗಿ ಬರೆಯುತ್ತಿದ್ದೇನೆ ಎಂಬುದನ್ನು ಅದರ ಲೇಖಕರು ಓದುಗನಿಂದ ಬಚ್ಚಿಡುವುದಿಲ್ಲ. ಅನಂತರ ಬಂದ ಎಷ್ಟೋ ವಿದೇಶ ಕಥನಗಳಲ್ಲಿ ಮಗನ ಮನೆಯ ಅಡುಗೆ, ಅಳಿಯನ ಕಾರು ಪುಟಪುಟದಲ್ಲೂ ಇರುತ್ತವೆ, ಆದರೆ ಇವೇ ಈ ಪ್ರವಾಸದ ಬಂಡವಾಳ ಎಂಬ ಅರಿವು ಇರುವುದಿಲ್ಲ. ಮಗ ಹೊರದೇಶದಲ್ಲಿಲ್ಲದ ಓದುಗ ಆ ಪುಸ್ತಕವನ್ನು ಮುಚ್ಚುವಾಗ ಅವನಿಗೆ ಉಳಿಯುವುದು ಬೇರೆಯವರ ಆಲ್ಬಮ್ ನೋಡಿದ ಆಯಾಸವಷ್ಟೆ.

ನೇಮಿಚಂದ್ರ ಅವರ 'ಒಂದು ಕನಸಿನ ಪಯಣ'ವನ್ನು ನಾವು ಆ ತರುಣನಿಗೆ ಧೈರ್ಯವಾಗಿ ಕೊಟ್ಟೆವು. ಎಂಜಿನಿಯರ್ ಆಗಿ ದುಡಿಯುತ್ತಿದ್ದ ಹೆಣ್ಣುಮಗಳು ಗೆಳತಿಯ ಜೊತೆಗೂಡಿ, ಟೂರ್ ಕಂಪನಿಯ ಬಾವುಟದ ಹಿಂದೆ ನಡೆಯದೆ ಯುರೋಪ್ ಸುತ್ತಿದ ಕಥನ ಅದು. ಬೆನ್ನಿನ ಚೀಲದ ಭಾರ ತಿಳಿದವರಿಗೆ ಊರಿನ ದಾರಿ ಕೇಳಬೇಕಾಗುತ್ತದೆ, ಅಪರಿಚಿತರನ್ನು ನಂಬಬೇಕಾಗುತ್ತದೆ. ಹೀಗಾಗಿ ಅಂಥವರ ಪುಸ್ತಕದಲ್ಲಿ ಕಟ್ಟಡಗಳ ಜೊತೆ ಮನುಷ್ಯರೂ ಬರುತ್ತಾರೆ. ಮುಂದೆ 2007ರಲ್ಲಿ ಯಹೂದಿಗಳ ಹತ್ಯಾಕಾಂಡದ ನೋವನ್ನು ಬೆಂಗಳೂರಿನ ಮನೆಯೊಂದಕ್ಕೆ ಜೋಡಿಸಿ 'ಯಾದ್ ವಶೇಮ್' ಕಾದಂಬರಿ ಬರೆದವರೂ ಇವರೇ. ಬರೀ ಐಫೆಲ್ ಗೋಪುರ ನೋಡಿ ಬಂದವರಿಂದ ಅಂಥ ಕಾದಂಬರಿ ಸಾಧ್ಯವಾಗುತ್ತಿರಲಿಲ್ಲ ಎಂದು ನಮ್ಮ ಊಹೆ.

ಪತ್ರಿಕೆಗಳ ಭಾನುವಾರದ ಪುರವಣಿಗಳಲ್ಲಿ ಬರುವ ಪ್ರವಾಸ ಲೇಖನಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪ್ಯಾರಿಸ್ ಎರಡು ದಿನ, ಸ್ವಿಟ್ಜರ್ಲೆಂಡ್ ಮೂರು ದಿನ, ಹಿಮದಲ್ಲಿ ನಿಂತ ಫೋಟೋ.

ಊಟದ ವಿಷಯ ಮಾತ್ರ ಸ್ವಲ್ಪ ನಿಂತು ನೋಡುವಂಥದ್ದು. ಕನ್ನಡದ ಪ್ರವಾಸ ಲೇಖಕರಲ್ಲಿ ಸಸ್ಯಾಹಾರಿಗಳೇ ಹೆಚ್ಚಾದ್ದರಿಂದ ಬ್ರೆಡ್ಡು, ಹಣ್ಣು, ಊರಿನಿಂದ ಒಯ್ದ ಚಟ್ನಿಪುಡಿ ಒಂದು ಸಂಪ್ರದಾಯವೇ ಆಗಿಬಿಟ್ಟಿವೆ. ಹಲಾಲ್ ಹುಡುಕುವ ಪ್ರಯಾಣಿಕನ ಪಾಡು ಕನ್ನಡದಲ್ಲಿ ಇನ್ನೂ ಸರಿಯಾಗಿ ಬರೆಯಲ್ಪಟ್ಟಿಲ್ಲ. ಬರೆದರೆ ಅದು ಯುರೋಪಿನ ಬೇರೊಂದು ಬೀದಿಗೆ ನಮ್ಮನ್ನು ಕರೆದೊಯ್ಯುತ್ತದೆ. 1961ರಲ್ಲಿ ಪಶ್ಚಿಮ ಜರ್ಮನಿ ಟರ್ಕಿಯೊಂದಿಗೆ ಒಪ್ಪಂದ ಮಾಡಿಕೊಂಡು ಕಾರ್ಖಾನೆಗಳಿಗೆ ಕೂಲಿಗಳನ್ನು ಕರೆಸಿಕೊಂಡಿತು. ಬಂದವರಲ್ಲಿ ಅನೇಕರು ಮರಳಲಿಲ್ಲ. ಅವರು ಬರ್ಲಿನ್ನಿನ ಬೀದಿಗಳಲ್ಲಿ ರೊಟ್ಟಿಯೊಳಗೆ ಮಡಚಿ ಕೊಡತೊಡಗಿದ ಡೋನರ್ ಕಬಾಬ್ ಇಂದು ಆ ದೇಶದ ಬಡ ಪ್ರವಾಸಿಗನ ಹೊಟ್ಟೆ ತುಂಬಿಸುವ ಊಟ. ಈಗ ಅದಕ್ಕೂ ಏಳೆಂಟು ಯೂರೋ ಬೆಲೆಯಾಗಿ ಅಲ್ಲಿಯವರೇ ಗೊಣಗುತ್ತಿದ್ದಾರೆ. ಯುರೋಪ್ ಅಗ್ಗವಾಗಿ ಎಲ್ಲಿಯಾದರೂ ಸಿಗುತ್ತದೆಂದರೆ ಅದರ ಹಿಂದೆ ವಲಸಿಗನ ಅಗ್ಗದ ದುಡಿಮೆ ಇದೆಯೇ ಎಂದು ಕೇಳಬೇಕು. ನಮ್ಮ ಲೇಖಕರು ಚರ್ಚಿನ ಗಾಜಿನ ಕಿಟಕಿಗೆ ಕೊಟ್ಟಷ್ಟು ಗಮನವನ್ನು ಆ ಅಂಗಡಿಯವನಿಗೆ ಕೊಟ್ಟಿಲ್ಲ.

ಹಣದ ಮಾತು ಬರೆದರೆ ಬರಹ ಸಣ್ಣದಾಗುತ್ತದೆ ಎನ್ನುವವರು ಇಬ್ನ್ ಬತೂತನನ್ನು ನೋಡಬೇಕು. 1325ರಲ್ಲಿ ತಾಂಜಿಯರ್ ಬಿಟ್ಟು, ನಮ್ಮ ಹೊನ್ನಾವರವನ್ನೂ ಕಂಡು ಹೋದ ಆತ, ದೆಹಲಿಯಲ್ಲಿ ವರ್ತಕರಿಂದ ಮಾಡಿಕೊಂಡ 55,000 ದೀನಾರ್ ಸಾಲವನ್ನೂ ಅದನ್ನು ಸುಲ್ತಾನನಿಂದ ತೀರಿಸಿಕೊಳ್ಳಲು ಪಟ್ಟ ಪಾಡನ್ನೂ ಬರೆಸಿಟ್ಟಿದ್ದಾನೆ. ಯಾವ ಖಾನಕಾಹಿನಲ್ಲಿ ಉಂಡೆ, ಯಾರು ನಿಲುವಂಗಿ ಕೊಟ್ಟರು ಎಲ್ಲವೂ ಅಲ್ಲಿದೆ. ನಮ್ಮ ಸಮುದಾಯದಲ್ಲಿ ಹಜ್‌ಗೆ ಹೊರಡುವವರು ಮೊದಲು ಸಾಲ ತೀರಿಸುತ್ತಾರೆ, ಮನೆಯಲ್ಲಿ ಉಳಿಯುವವರ ಖರ್ಚಿಗೆ ಏರ್ಪಾಡು ಮಾಡುತ್ತಾರೆ. ಪ್ರಯಾಣಕ್ಕೂ ಲೆಕ್ಕಕ್ಕೂ ಇರುವ ಈ ನಂಟು ನಮಗೆ ಹೊಸದಲ್ಲ. ಆದರೂ ಮುಸ್ಲಿಂ ಲೇಖಕರಿಂದ ಯುರೋಪಿನ ಕಥನ ಹೆಚ್ಚಾಗಿ ಬರಲಿಲ್ಲವೆಂದರೆ ಕಾರಣ ಸರಳ. ಗಲ್ಫಿಗೆ ಹೋದ ನಮ್ಮವರ ಬದುಕನ್ನು ಯಾರೂ ಪ್ರವಾಸವೆಂದು ಕರೆಯಲಿಲ್ಲ, ಅವರೂ ಕರೆದುಕೊಳ್ಳಲಿಲ್ಲ.

ರಾಮನಾಥಪುರದ ನೀರು ಮುಂದೆ ಶ್ರೀರಂಗಪಟ್ಟಣವನ್ನು ಬಳಸಿ ಹರಿಯುತ್ತದೆ. ಅಲ್ಲಿಂದ ಟಿಪ್ಪು ಸುಲ್ತಾನ್ 1787ರಲ್ಲಿ ಫ್ರಾನ್ಸಿಗೆ ಕಳುಹಿಸಿದ ಮೂವರು ರಾಯಭಾರಿಗಳು 1788ರ ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೇ ಲೂಯಿಯನ್ನು ಕಂಡರು. ಅವರ ಖರ್ಚು ಹೊತ್ತ ಫ್ರೆಂಚ್ ಖಜಾನೆ ಅದೇ ತಿಂಗಳು ತನ್ನ ಸಾಲಗಳನ್ನು ಪೂರ್ತಿ ಪಾವತಿಸಲಾಗದ ಸ್ಥಿತಿಗೆ ಬಂದಿತ್ತು. ಕನ್ನಡನಾಡಿನಿಂದ ಯುರೋಪಿಗೆ ಹೋದವರಲ್ಲಿ ಖರ್ಚಿನ ಚಿಂತೆ ಅತಿಥೇಯನಿಗೇ ಬಿಟ್ಟವರು ಬಹುಶಃ ಇವರೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಹೊತ್ತೊಯ್ದ ಟಿಪ್ಪುವಿನ ಮರದ ಹುಲಿ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಪ್ರವೇಶ ಉಚಿತ. ಬಡ ಪ್ರವಾಸಿಗರ ಕೈಪಿಡಿಗಳು ಇದನ್ನು ಮರೆಯದೆ ಹೇಳುತ್ತವೆ. ಆ ಬಾಗಿಲವರೆಗೆ ತಲುಪುವ ಖರ್ಚನ್ನು ಕಾವೇರಿ ದಂಡೆಯಿಂದ ಲೆಕ್ಕ ಹಾಕಿದವರಿಲ್ಲ.

ಆ ತರುಣನ ಅಪ್ಪ ಹೊಗೆಸೊಪ್ಪು ಬೆಳೆಯುವವರು. ರಾಮನಾಥಪುರದ ಹರಾಜು ಮಾರುಕಟ್ಟೆಗೆ ಬೇಲು ಹಾಕುತ್ತಾರೆ. ಭಾರತದ ತಂಬಾಕು ಕೊಳ್ಳುವ ದೊಡ್ಡ ದೇಶಗಳಲ್ಲಿ ಬೆಲ್ಜಿಯಂ ಒಂದು. ಅಪ್ಪನ ಸೊಪ್ಪು ಹೋಗುವ ಕಡೆ ತಾನೂ ಒಮ್ಮೆ ಹೋಗಬೇಕೆಂಬುದು ಹುಡುಗನ ಆಸೆಗೆ ಮೂಲವಂತೆ. 1985ರ ಷೆಂಗನ್ ಒಪ್ಪಂದದಿಂದಾಗಿ ಒಂದು ವೀಸಾದಲ್ಲಿ ಹಲವು ದೇಶ ಸುತ್ತಬಹುದು, ನಿಜ. ಆದರೆ ಆ ವೀಸಾಕ್ಕೆ 2024ರ ಜೂನ್‌ನಿಂದ 90 ಯೂರೋ ಶುಲ್ಕ, 30,000 ಯೂರೋ ಮೊತ್ತದ ವಿಮೆ, ಉಳಿಯುವ ಜಾಗದ ಪುರಾವೆ, ತಿಂಗಳುಗಟ್ಟಲೆಯ ಬ್ಯಾಂಕ್ ವಿವರ, ಬೆಂಗಳೂರಿಗೆ ಹೋಗಿ ಕೊಡುವ ಬೆರಳಚ್ಚು ಬೇಕು. ಕಡಿಮೆ ದುಡ್ಡಿನಲ್ಲಿ ಹೋಗುತ್ತೇನೆಂದು ಹೇಳಲು ಹೆಚ್ಚು ದುಡ್ಡಿದೆಯೆಂದು ತೋರಿಸಬೇಕು. ತಂಬಾಕಿನ ಹಣ ವರ್ಷಕ್ಕೊಮ್ಮೆ ಹರಾಜಿನ ಕಾಲದಲ್ಲಿ ಬರುತ್ತದೆ, ಸಾಲಕ್ಕೆ ಹೋಗುತ್ತದೆ. ಖಾತೆ ಉಳಿದ ತಿಂಗಳು ಬರಿದು.

ಅರ್ಜಿ ತಿರಸ್ಕೃತವಾಯಿತು. ಶುಲ್ಕ ಹಿಂದಿರುಗುವುದಿಲ್ಲ.

ಕಳೆದ ವಾರ ಪುಸ್ತಕಗಳನ್ನು ಹಿಂದಿರುಗಿಸಲು ಬಂದಿದ್ದ. ನೇಮಿಚಂದ್ರರ ಪುಸ್ತಕವನ್ನು ಎರಡು ಸಲ ಓದಿದ್ದನಂತೆ. ಅದರ ನಡುವೆ ಮರೆತು ಬಿಟ್ಟಿದ್ದ ನೋಟ್‌ಬುಕ್ಕಿನ ಹಾಳೆಯೊಂದು ನಮಗೆ ಸಿಕ್ಕಿತು. ರಾಮನಾಥಪುರದಿಂದ ಹಾಸನ ಬಸ್ಸು, ಹಾಸನದಿಂದ ಬೆಂಗಳೂರು ಬಸ್ಸು, ಫೋಟೋ ನಾಲ್ಕು ಪ್ರತಿ, ಜೆರಾಕ್ಸ್, ವಿಮೆ, ವೀಸಾ ಶುಲ್ಕ, ಮೆಜೆಸ್ಟಿಕ್ಕಿನಲ್ಲಿ ಊಟ, ಬರುವಾಗ ತಂಗಿಗೆ ಬಳೆ. ಪ್ರತಿಯೊಂದರ ಮುಂದೆಯೂ ಮೊತ್ತ, ಕೆಳಗೆ ಕೂಡಿಸಿದ ಗೆರೆ. ಹಾಳೆ ಮರಳಿಸಿ, ಇದನ್ನು ವಿಸ್ತರಿಸಿ ಬರೆದು ಕೊಡಪ್ಪಾ, ಅಚ್ಚು ಹಾಕೋಣ ಎಂದೆವು. ಯುರೋಪೇ ನೋಡಿಲ್ಲವಲ್ಲ ಸಾರ್, ಏನಂತ ಬರೆಯಲಿ ಎಂದು ನಕ್ಕ. ಹಾಳೆಯನ್ನು ಮಾತ್ರ ಮಡಚಿ ಜೇಬಿಗಿಟ್ಟುಕೊಂಡ.